ಮನೆ ಬಾಗಿಲಿಗೆ ಬಂದ ಐವರಲ್ಲಿ ಸರ್ಕಾರಿ ನೌಕರರು ಯಾರು?

(ತಿ. ನರಸೀಪುರದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯ್ತಿ ಸಿಬ್ಬಂದಿ, ಕಂದಾಯ ಇಲಾಖೆಯ ಕೆಲವರು ಸೇರಿದ್ದರು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ದಿನ ನಿಮ್ಮೂರಿನ ಒಂದು ಮನೆ ಜಗಲಿಯ ಮೇಲೆ ಕೂತು ನೋಡೋಣ. ಬೆಳಗ್ಗೆ ಆರಕ್ಕೆ ನೀರುಗಂಟಿ ಬಂದು ವಾಲ್ವ್ ತಿರುಗಿಸಿ ಹೋಗುತ್ತಾರೆ. ಒಂಬತ್ತೂವರೆಗೆ ಅಂಗನವಾಡಿ ಟೀಚರ್ ಬಂದು ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಹನ್ನೊಂದರ ಹೊತ್ತಿಗೆ ಪೋಸ್ಟಿನವರು. ಮಧ್ಯಾಹ್ನ ಬೆಳೆ ಹಾನಿ ನೋಡಲು ಗ್ರಾಮ ಆಡಳಿತ ಅಧಿಕಾರಿ ಬರುತ್ತಾರೆ. ನಾವು ಇವತ್ತಿಗೂ ಅವರನ್ನು ವಿ.ಎ., ಅಂದರೆ ವಿಲೇಜ್ ಅಕೌಂಟೆಂಟ್, ಅಂತಲೇ ಕರೆಯೋದು. ಸಂಜೆ ಬಸ್ಸು ಬಂದಾಗ ಕಂಡಕ್ಟರ್ ಇಳಿದು, ಪೇಟೆಯಿಂದ ಬಂದ ಗಂಟು ಕೊಟ್ಟು ಹೋಗುತ್ತಾರೆ. ಆ ಮನೆಯ ಅಜ್ಜಿಯನ್ನು ಕೇಳಿದರೆ ಐವರೂ ಗೌರ್ಮೆಂಟಿನವರೇ.

ಅಜ್ಜಿ ಹೇಳುವುದರಲ್ಲಿ ತಪ್ಪಿಲ್ಲ. ಐವರೂ ಮಾಡುವುದು ಜನರ ಕೆಲಸ. ಆದರೆ ನಾಳೆ ಬೆಳಗ್ಗೆ ಈ ಐವರನ್ನೂ ಕೆಲಸದಿಂದ ತೆಗೆದರು ಅಂತ ಇಟ್ಟುಕೊಳ್ಳಿ. ವಿ.ಎ. ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬೇಕು. ಪೋಸ್ಟಿನವರು ಕೇಂದ್ರದ ಆಡಳಿತ ನ್ಯಾಯಮಂಡಳಿಗೆ. ಕಂಡಕ್ಟರ್ ಕಾರ್ಮಿಕರ ವಿವಾದ ಕೇಳುವ ಕೈಗಾರಿಕಾ ನ್ಯಾಯಮಂಡಳಿಗೆ. ನೀರುಗಂಟಿ ಪಂಚಾಯ್ತಿ ಕಾನೂನು ತೋರಿಸುವ ದಾರಿ ಹಿಡಿಯಬೇಕು. ಅಂಗನವಾಡಿ ಟೀಚರ್‌ಗೆ ಕೆಎಟಿ ಬಾಗಿಲು ಮುಚ್ಚಿದೆ, ಅವರು ಹೈಕೋರ್ಟಿಗೆ ರಿಟ್ ಅರ್ಜಿ ಹಿಡಿದು ಹೋಗಬೇಕು.

ನಾನು ಸೇವಾ ಪ್ರಕರಣಗಳನ್ನು ನಡೆಸುವ ವಕೀಲೆ. ನನ್ನ ಆಫೀಸಿಗೆ ಬರುವ ಹೆಚ್ಚಿನವರು ಮೊದಲು ತಪ್ಪು ಬಾಗಿಲು ತಟ್ಟಿ, ಎರಡು ಮೂರು ವರ್ಷ ಕಳೆದುಕೊಂಡು ಬಂದವರು. ಅದಕ್ಕೇ ಈ ವಿಷಯ ಆರಿಸಿಕೊಂಡೆ. ಸರ್ಕಾರಿ ನೌಕರ ಯಾರು, ಬರೀ ಸರ್ಕಾರದ ಕೆಲಸ ಮಾಡುವವರು ಯಾರು ಅನ್ನುವುದಕ್ಕೆ ನಮ್ಮ ಕಾನೂನು ಹಲವು ಗೆರೆಗಳನ್ನು ಎಳೆದಿದೆ. ಶಿಕ್ಷೆಯ ಗೆರೆ ತುಂಬಾ ಅಗಲ, ಅದರೊಳಗೆ ಈ ಐವರೂ ಬರುತ್ತಾರೆ. ರಕ್ಷಣೆಯ ಗೆರೆ ಇಕ್ಕಟ್ಟು. ಮೊದಲು ಹೊರಗೆ ಉಳಿಯುವವರು ಬಡವರು, ಅವರಲ್ಲೂ ಹೆಂಗಸರು ಜಾಸ್ತಿ. ಇದು ನನ್ನನ್ನು ಬಹಳ ವರ್ಷದಿಂದ ಕಾಡುತ್ತಿದೆ.

ಮೊದಲು ರಕ್ಷಣೆಯ ಗೆರೆ ನೋಡೋಣ. ಸಂವಿಧಾನದ 310ನೇ ವಿಧಿ ಹೇಳುತ್ತದೆ: ಸರ್ಕಾರಿ ಸೇವೆಯಲ್ಲಿರುವವರು ರಾಷ್ಟ್ರಪತಿ ಅಥವಾ ರಾಜ್ಯಪಾಲರ ಇಚ್ಛೆ ಇರುವವರೆಗೆ ಹುದ್ದೆಯಲ್ಲಿರುತ್ತಾರೆ. ಇದು ಇಂಗ್ಲೆಂಡಿನ ರಾಜರ ಕಾಲದಿಂದ ಬಂದ ಮಾತು. ಅಷ್ಟಕ್ಕೇ ಬಿಟ್ಟಿದ್ದರೆ ಬೆಳಗ್ಗೆ ಎದ್ದು ಯಾರನ್ನು ಬೇಕಾದರೂ ಮನೆಗೆ ಕಳಿಸಬಹುದಿತ್ತು. ಹಾಗಾಗಬಾರದು ಅಂತ 311ನೇ ವಿಧಿ ಬಂತು. ಅದು ಎರಡು ಮಾತು ಕೊಡುತ್ತದೆ. ನಿಮ್ಮನ್ನು ನೇಮಿಸಿದವರಿಗಿಂತ ಕೆಳಗಿನವರು ನಿಮ್ಮನ್ನು ವಜಾ ಮಾಡುವಂತಿಲ್ಲ. ವಜಾ ಮಾಡುವ ಮುಂಚೆ, ಕೆಳದರ್ಜೆಗೆ ಇಳಿಸುವ ಮುಂಚೆ, ಆರೋಪ ಏನು ಅಂತ ತಿಳಿಸಿ, ವಿಚಾರಣೆ ನಡೆಸಿ, ನಿಮ್ಮ ಮಾತು ಕೇಳಬೇಕು.

ಇದಕ್ಕೆ ಹೊರತಾದ ಸಂದರ್ಭಗಳಿವೆ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ, ವಿಚಾರಣೆ ನಡೆಸುವುದೇ ಅಸಾಧ್ಯ ಅಂತ ಕಾರಣ ಬರೆದಿಟ್ಟರೆ, ದೇಶದ ಭದ್ರತೆಯ ಪ್ರಶ್ನೆ ಬಂದರೆ, ವಿಚಾರಣೆ ಇಲ್ಲದೆಯೂ ತೆಗೆಯಬಹುದು. 1985ರಲ್ಲಿ ತುಳಸಿರಾಮ್ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿಕೊಂಡಿದೆ. ಅದು ಬೇರೆ ದಿನದ ಮಾತು.

311ರಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ಸಂಗತಿ ಇದೆ. ಅದು ಅಧಿಕಾರಿ, ಜವಾನ ಅಂತ ಭೇದ ಮಾಡುವುದಿಲ್ಲ. ಜಿಲ್ಲಾಧಿಕಾರಿಗೆ ಎಷ್ಟು ರಕ್ಷಣೆಯೋ, ಅವರ ಕಚೇರಿಯ ಬಾಗಿಲಲ್ಲಿ ಕೂತ ಗ್ರೂಪ್ ಡಿ ನೌಕರನಿಗೂ ಅಷ್ಟೇ. ಐಎಎಸ್ ಅಧಿಕಾರಿಯನ್ನು ನೇಮಿಸುವುದು ರಾಷ್ಟ್ರಪತಿ. ಹಾಗಾಗಿ ರಾಜ್ಯ ಸರ್ಕಾರ ಅವರನ್ನು ಅಮಾನತು ಮಾಡಬಹುದು, ವಜಾ ಮಾಡುವಂತಿಲ್ಲ. ಜವಾನನ ವಿಷಯದಲ್ಲೂ ಲೆಕ್ಕ ಅದೇ: ನೇಮಿಸಿದವರು ಯಾರೋ ಅವರು ಅಥವಾ ಅವರಿಗಿಂತ ಮೇಲಿನವರೇ ವಜಾ ಮಾಡಬೇಕು. ನಮ್ಮ ರಾಜ್ಯದಲ್ಲಿ ಇದರ ವಿವರ 1957ರ ಸಿಸಿಎ ನಿಯಮಗಳಲ್ಲಿದೆ, ಅಂದರೆ ಸರ್ಕಾರಿ ನೌಕರರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಲ್ಲಿ. 8ನೇ ನಿಯಮ ದಂಡನೆಗಳನ್ನು ಪಟ್ಟಿ ಮಾಡುತ್ತದೆ. 11ನೇ ನಿಯಮ ದೊಡ್ಡ ದಂಡನೆಗೆ ಇಲಾಖಾ ವಿಚಾರಣೆ ಹೇಗೆ ನಡೆಯಬೇಕು ಅನ್ನುತ್ತದೆ. ಖಾಯಂ ಆಗದವರೂ ಪೂರ್ತಿ ಹೊರಗಲ್ಲ. ತಾತ್ಕಾಲಿಕ ನೌಕರನನ್ನು ಆರೋಪದ ಮೇಲೆ ಶಿಕ್ಷೆಯಾಗಿ ತೆಗೆದರೆ ಅವನಿಗೂ 311 ಸಿಗುತ್ತದೆ. 1957ರಲ್ಲೇ ಧಿಂಗ್ರಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೀಗೆ ಹೇಳಿದೆ.

ಹಾಗಾದರೆ ತೊಡಕು ಎಲ್ಲಿ? 311 ಸಿಗಬೇಕಾದರೆ ನೀವು ಸರ್ಕಾರದ ಸಿವಿಲ್ ಸೇವೆಯಲ್ಲಿರಬೇಕು, ಇಲ್ಲವೇ ಸರ್ಕಾರದ ಕೆಳಗೆ ಒಂದು ಸಿವಿಲ್ ಹುದ್ದೆಯಲ್ಲಿರಬೇಕು. ಸಿವಿಲ್ ಹುದ್ದೆ ಅಂದರೇನು ಅಂತ ಸಂವಿಧಾನ ಹೇಳಿಲ್ಲ. ಅದನ್ನು ಕೋರ್ಟುಗಳೇ ಹೇಳುತ್ತಾ ಬಂದಿವೆ.

ಅಸ್ಸಾಮಿನಲ್ಲಿ ಮೌಜಾದಾರ ಅಂತ ಇದ್ದಾರೆ. ನಮ್ಮ ಹಳೇ ಪಟೇಲ, ಶಾನುಭೋಗರನ್ನು ನೆನೆದುಕೊಳ್ಳಿ. ಕಂದಾಯ ವಸೂಲಿ ಮಾಡುವುದು ಅವರ ಕೆಲಸ. ಹೆಚ್ಚಾಗಿ ವಸೂಲಾದ ಹಣದ ಮೇಲೆ ಕಮಿಷನ್ ಸಿಗುತ್ತದೆ. ಇಡೀ ದಿನದ ಕೆಲಸವೂ ಅಲ್ಲ. ಅಂಥ ಒಬ್ಬರ ಪ್ರಕರಣ 1966ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕೋರ್ಟ್ ನಾಲ್ಕು ಸಂಗತಿ ನೋಡಿತು. ಆಯ್ಕೆ ಮಾಡಿ ನೇಮಿಸುವವರು ಯಾರು? ಅಮಾನತು ಮಾಡುವ, ತೆಗೆದುಹಾಕುವ ಅಧಿಕಾರ ಯಾರದು? ಕೆಲಸ ಹೇಗೆ ಮಾಡಬೇಕು ಅಂತ ಹೇಳುವವರು ಯಾರು? ದುಡ್ಡು ಕೊಡುವವರು ಯಾರು? ನಾಲ್ಕೂ ಇರಲೇಬೇಕು ಅಂತಿಲ್ಲ, ಕೆಲವು ಇದ್ದರೂ ಸಾಕಾಗಬಹುದು ಅಂತ ಹೇಳಿ, ಮೌಜಾದಾರನದು ಸಿವಿಲ್ ಹುದ್ದೆ ಅಂತ ತೀರ್ಮಾನಿಸಿತು.

1977ರಲ್ಲಿ ಹಳ್ಳಿ ಪೋಸ್ಟಿನವರ ಸರದಿ. ಆಗ ಅವರನ್ನು ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್ ಅನ್ನುತ್ತಿದ್ದರು, ಈಗ ಗ್ರಾಮೀಣ ಡಾಕ್ ಸೇವಕರು. ದಿನಕ್ಕೆ ಕೆಲವೇ ಗಂಟೆ ಕೆಲಸ, ಜೊತೆಗೆ ಅಂಗಡಿಯನ್ನೋ ಜಮೀನನ್ನೋ ನೋಡಿಕೊಳ್ಳುವವರು. ಇವರು ಸುಮ್ನೆ ಬಂದು ಹೋಗುವ ಕೂಲಿಯವರಲ್ಲ, ಹುದ್ದೆ ಹಿಡಿದವರು, ಅದೂ ಸಿವಿಲ್ ಹುದ್ದೆ ಅಂತ ಕೋರ್ಟ್ ಹೇಳಿತು. ವಿಚಾರಣೆ ಇಲ್ಲದೆ ಅವರನ್ನು ತೆಗೆದದ್ದು ನಿಲ್ಲಲಿಲ್ಲ.

ಈ ಎರಡು ತೀರ್ಪುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈಗ ನಿಮ್ಮ ವಿಷಯಕ್ಕೆ ಬನ್ನಿ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಇದೇ ತಿ. ನರಸೀಪುರ ತಾಲ್ಲೂಕಿನಲ್ಲಿ. ಈ ಸಭಾಂಗಣದಲ್ಲಿ ಕೂತಿರುವ ಕೆಲವರ ಅತ್ತೆಯೋ ಅಮ್ಮನೋ ಆ ಮೊದಲ ಸಾಲಿನವರಾಗಿರಬಹುದು. ಅಲ್ಲಿಂದ ಮೂವತ್ತೊಂದು ವರ್ಷ ಕಳೆದ ಮೇಲೆ, 2006ರ ಡಿಸೆಂಬರ್‌ನಲ್ಲಿ, ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಮೀರ್‌ಬಿ ಪ್ರಕರಣ ಅಂತ ಕರೆಯುತ್ತೇವೆ. ಪ್ರಶ್ನೆ ಚಿಕ್ಕದು: ಅಂಗನವಾಡಿ ಕಾರ್ಯಕರ್ತೆ ತನ್ನ ಅಹವಾಲು ಹಿಡಿದು ಕೆಎಟಿಗೆ ಹೋಗಬಹುದೇ? ಹೋಗಬೇಕಾದರೆ ಅವರದು ಸಿವಿಲ್ ಹುದ್ದೆ ಆಗಿರಬೇಕು. ಅಲ್ಲ ಅಂತ ಕೋರ್ಟ್ ಹೇಳಿತು.

ಕೊಟ್ಟ ಕಾರಣಗಳು ಇವು. ಈ ಕೆಲಸ ಒಂದು ಯೋಜನೆಯ ಕೆಳಗೆ ಹುಟ್ಟಿದ್ದು, ಕಾನೂನಿನಿಂದ ಹುಟ್ಟಿದ ಹುದ್ದೆ ಅಲ್ಲ. ನೇಮಕಕ್ಕೆ ಸರ್ಕಾರಿ ಹುದ್ದೆಗಳಿಗಿರುವ ನೇಮಕಾತಿ ನಿಯಮಗಳಿಲ್ಲ. ಸಿಗುವುದು ಸಂಬಳ ಅಲ್ಲ, ಗೌರವಧನ. ಇವರು ಚುನಾವಣೆಗೂ ನಿಲ್ಲಬಹುದು.

ಈ ತೀರ್ಪನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ನಮ್ಮೆಲ್ಲರಿಗೂ ಅನ್ವಯ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮೌಜಾದಾರನಿಗೆ ಕೇಳಿದ ಆ ನಾಲ್ಕು ಪ್ರಶ್ನೆಗಳನ್ನು ಅಂಗನವಾಡಿಯಲ್ಲಿ ನಿಂತು ಕೇಳಿ ನೋಡಿ. ಆಯ್ಕೆ ಮಾಡುವುದು ಸರ್ಕಾರದ ಸಮಿತಿ. ತೆಗೆಯುವುದು ಇಲಾಖೆ. ಎಷ್ಟು ಗ್ರಾಂ ಬೇಳೆ, ಯಾವ ರಿಜಿಸ್ಟರ್, ಯಾವ ಆ್ಯಪ್, ಎಷ್ಟು ಗಂಟೆಗೆ ಮಗುವಿನ ತೂಕ, ಎಲ್ಲವನ್ನೂ ಹೇಳುವುದು ಇಲಾಖೆ. ದುಡ್ಡು ಬರುವುದು ಕೇಂದ್ರ, ರಾಜ್ಯ ಸರ್ಕಾರಗಳಿಂದ. ಕಮಿಷನ್ ಮೇಲೆ ವಸೂಲಿ ಮಾಡುವ ಮೌಜಾದಾರನದು ಹುದ್ದೆ. ಮೂವತ್ತು ವರ್ಷ ಮಕ್ಕಳನ್ನು ಬೆಳೆಸಿದವರದು ಹುದ್ದೆ ಅಲ್ಲ. 'ಗೌರವಧನ' ಅನ್ನುವ ಒಂದು ಪದಕ್ಕೆ ಇಷ್ಟೊಂದು ತೂಕ ಕೊಡಬೇಕಿತ್ತೇ ಅನ್ನುವುದು ನನ್ನ ಪ್ರಶ್ನೆ.

ಈಗ ಶಿಕ್ಷೆಯ ಕಡೆಗೆ ಬರೋಣ. ಅಲ್ಲಿ ಪದವೇ ಬೇರೆ. ಅಲ್ಲಿ ಕೇಳುವುದು ನೀವು ಸಾರ್ವಜನಿಕ ನೌಕರರೇ ಅಂತ. ಹಳೇ ದಂಡ ಸಂಹಿತೆಯ 21ನೇ ಕಲಂ ಅದರ ಪಟ್ಟಿ ಕೊಟ್ಟಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 2(28)ರಲ್ಲಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಪಟ್ಟಿ ಅದಕ್ಕಿಂತ ಉದ್ದ. ಸರ್ಕಾರದ ಸೇವೆಯಲ್ಲಿರುವವರು, ಸರ್ಕಾರದಿಂದ ದುಡ್ಡು ಪಡೆಯುವವರು, ಸಾರ್ವಜನಿಕ ಕೆಲಸಕ್ಕೆ ಶುಲ್ಕವನ್ನೋ ಕಮಿಷನ್ನನ್ನೋ ಪಡೆಯುವವರು, ಪಂಚಾಯ್ತಿ ನಗರಸಭೆಗಳವರು, ನಿಗಮಗಳವರು, ಸರ್ಕಾರಿ ಕಂಪನಿಗಳವರು. ಅಷ್ಟೂ ಸಾಲದು ಅಂತ, ಯಾವುದಾದರೂ ಸಾರ್ವಜನಿಕ ಕರ್ತವ್ಯ ಮಾಡಬೇಕಾದ ಸ್ಥಾನದಲ್ಲಿರುವ ಎಲ್ಲರೂ. 2016ರಲ್ಲಿ ಒಂದು ಖಾಸಗಿ ಬ್ಯಾಂಕಿನ ಮುಖ್ಯಸ್ಥರೂ ಈ ಕಾಯ್ದೆಯ ಮಟ್ಟಿಗೆ ಸಾರ್ವಜನಿಕ ನೌಕರರು ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಅಂದರೆ ನಮ್ಮ ಐವರೂ ಇದರೊಳಗೆ ಬರುತ್ತಾರೆ. ಲಂಚ ಕೇಳಿ ಸಿಕ್ಕಿಬಿದ್ದರೆ ವಿ.ಎ.ಗೂ ನೀರುಗಂಟಿಗೂ ಒಂದೇ ಕಲಂ. ಈಗ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು.

ಈ ಕಾಯ್ದೆಯಲ್ಲಿ ಒಂದು ಚಿಕ್ಕ ವಿವರಣೆ ಇದೆ. ವಕೀಲರೂ ಅದನ್ನು ಹಾಗೇ ದಾಟಿ ಹೋಗುತ್ತಾರೆ. ಒಬ್ಬ ವ್ಯಕ್ತಿ ಆ ಸ್ಥಾನದಲ್ಲಿ ನಿಜವಾಗಿ ಕೂತಿದ್ದರೆ ಸಾಕು, ಆ ಸ್ಥಾನದ ಮೇಲೆ ಅವನಿಗಿರುವ ಹಕ್ಕಿನಲ್ಲಿ ಕಾನೂನಿನ ಯಾವ ಲೋಪ ಇದ್ದರೂ ಅವನು ಸಾರ್ವಜನಿಕ ನೌಕರನೇ. ಇನ್ನೊಂದು ವಿವರಣೆ, ಅವನನ್ನು ಸರ್ಕಾರ ನೇಮಿಸಿದೆಯೋ ಇಲ್ಲವೋ ಅನ್ನುವುದೂ ಮುಖ್ಯ ಅಲ್ಲ ಅನ್ನುತ್ತದೆ.

ಈಗ ಇದರ ಪಕ್ಕದಲ್ಲಿ ಉಮಾದೇವಿ ಪ್ರಕರಣ ಇಡಿ. ಇದೂ ಕರ್ನಾಟಕದ್ದೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಮೇಲೆ ದಿನಗೂಲಿ ಮಾಡಿದವರು ಖಾಯಂ ಮಾಡಿ ಅಂತ ಕೇಳಿದ್ದರು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಪೀಠ ಆಗುವುದಿಲ್ಲ ಅಂದಿತು. ಜಾಹೀರಾತು ಕೊಟ್ಟು, ಎಲ್ಲರಿಗೂ ಅವಕಾಶ ಕೊಟ್ಟು ನೇಮಕ ಮಾಡಿಲ್ಲ. ಎಷ್ಟೇ ವರ್ಷ ದುಡಿದಿದ್ದರೂ ಅಂಥವರಿಗೆ ಖಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಅಂದಿತು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆ ಇಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಮಾತ್ರ ಒಂದು ಬಾರಿಗೆ ಪರಿಗಣಿಸಿ ಅಂತ ಬಿಟ್ಟಿತು.

ಎರಡನ್ನೂ ಒಟ್ಟಿಗೆ ಓದಿದರೆ ನನ್ನ ನೋವು ನಿಮಗೂ ಅರ್ಥವಾದೀತು. ನೇಮಕದಲ್ಲಿ ಲೋಪ ಇದೆ ಅನ್ನುವುದು, ಹಕ್ಕು ಕೇಳಲು ಹೋದಾಗ ಬಾಗಿಲು ಮುಚ್ಚುವಷ್ಟು ದೊಡ್ಡ ವಿಷಯ. ಅದೇ ಲೋಪ, ಶಿಕ್ಷೆ ಕೊಡುವಾಗ ಲೆಕ್ಕಕ್ಕೇ ಇಲ್ಲ. ಮನುಷ್ಯ ಒಬ್ಬನೇ, ಕುರ್ಚಿ ಒಂದೇ.

ತಪ್ಪು ತಿಳಿಯಬೇಡಿ. ಶಿಕ್ಷೆಯ ಗೆರೆ ಅಗಲವಾಗಿರುವುದು ಸರಿ ಅಂತಲೇ ನಾನು ನಂಬಿದ್ದೇನೆ. ಪಿಂಚಣಿ ಅರ್ಜಿ ಹಿಡಿದು ಬಂದ ವಿಧವೆಗೆ ಲಂಚ ಕೇಳಿದವನು ಖಾಯಂ ಆದರೇನು, ಹೊರಗುತ್ತಿಗೆ ಆದರೇನು? ಆಕೆಯ ಐನೂರು ರೂಪಾಯಿ ಹೋಗುವುದು ಹೋಗೇ ಹೋಗುತ್ತದೆ. ಜನರ ಎದುರು ಸರ್ಕಾರದ ಮುಖವಾಗಿ ನಿಂತವರು ಜನರಿಗೆ ಉತ್ತರ ಕೊಡಲೇಬೇಕು. ನಾನು ಕೇಳುವುದು ಇಷ್ಟೇ: ಉತ್ತರ ಕೊಡುವಾಗ ಸರ್ಕಾರದವರಾದವರು, ಅನ್ನ ಕೇಳುವಾಗ ಯಾಕೆ ಹೊರಗಿನವರಾಗಬೇಕು?

ಮತದಾರರ ಪಟ್ಟಿಯ ಕೆಲಸ ನೆನಪಿಸಿಕೊಳ್ಳಿ. ನಿಮ್ಮಲ್ಲಿ ಅನೇಕರು ಬಿಎಲ್ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಆಗಿ ಮನೆ ಮನೆ ತಿರುಗಿದ್ದೀರಿ. 1950ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಆ ಹೊತ್ತಿನಲ್ಲಿ ನೀವು ಚುನಾವಣಾ ಆಯೋಗಕ್ಕೆ ಎರವಲು ಹೋದವರು, ಆಯೋಗದ ಶಿಸ್ತಿಗೆ ಒಳಪಟ್ಟವರು. ಕರ್ತವ್ಯದಲ್ಲಿ ಸರಿಯಾದ ಕಾರಣ ಇಲ್ಲದೆ ತಪ್ಪಿದರೆ 32ನೇ ಕಲಂ ಕೆಳಗೆ ಮೂರು ತಿಂಗಳಿಗೆ ಕಡಿಮೆ ಇಲ್ಲದ, ಎರಡು ವರ್ಷದವರೆಗಿನ ಜೈಲು ಇದೆ. ಆ ಕಾನೂನು ನಿಮ್ಮ ಕೈಗೆ ಬರುವುದು ಗೌರವಧನವೋ ಸಂಬಳವೋ ಅಂತ ಕೇಳುವುದಿಲ್ಲ.

ಇನ್ನು ಅಧಿಕಾರಿ ಮತ್ತು ಸಾಮಾನ್ಯ ನೌಕರ ಅನ್ನುವ ಭೇದ ಕಾನೂನಿನಲ್ಲಿ ಎದ್ದು ಕಾಣುವ ಒಂದು ಜಾಗಕ್ಕೆ ಬರುತ್ತೇನೆ. ಕರ್ತವ್ಯ ಮಾಡುವಾಗ ನಡೆದ ಕೃತ್ಯಕ್ಕೆ ಸಾರ್ವಜನಿಕ ನೌಕರರ ಮೇಲೆ ಕ್ರಿಮಿನಲ್ ಕೇಸು ನಡೆಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಂ ಅದು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218. ಆದರೆ ಆ ಅನುಮತಿಯ ಕವಚ ಎಲ್ಲರಿಗೂ ಇಲ್ಲ. ಸರ್ಕಾರವೇ, ಅಥವಾ ಸರ್ಕಾರದ ಅನುಮತಿಯಿಂದಲೇ, ತೆಗೆಯಬಹುದಾದ ಹುದ್ದೆಯವರಿಗೆ ಮಾತ್ರ.

ಇದರ ಅರ್ಥ ನೋಡಿ. ಉಪವಿಭಾಗಾಧಿಕಾರಿಯನ್ನು ತೆಗೆಯಲು ಸರ್ಕಾರವೇ ಬೇಕು. ಅವರಿಗೆ ಕವಚ ಇದೆ. ಅವರು ಹೇಳಿದ್ದನ್ನು ಮಾಡಲು ಹೋದ ವಿ.ಎ.ಯನ್ನು ತೆಗೆಯಲು ಕೆಳಗಿನ ಹಂತದ ನೇಮಕಾಧಿಕಾರಿಯೇ ಸಾಕು. ಹಾಗಾಗಿ ವಿ.ಎ.ಗೆ ಈ ಕಲಮಿನ ಕವಚ ಇಲ್ಲ. ಒತ್ತುವರಿ ತೆರವಿಗೆ ಆದೇಶ ಬರೆದವರು ಒಬ್ಬರು, ಬಿಸಿಲಲ್ಲಿ ಜೆಸಿಬಿ ಪಕ್ಕ ನಿಂತವರು ಇನ್ನೊಬ್ಬರು. ಯಾರಾದರೂ ಸಿಟ್ಟಿಗೆದ್ದು ಖಾಸಗಿ ದೂರು ಹಾಕಿದರೆ, ಅನುಮತಿ ಬೇಕಾಗುವುದು ಆದೇಶ ಬರೆದವರ ಮೇಲೆ ಕೇಸು ನಡೆಸಲು ಮಾತ್ರ. ಗ್ರಾಮ ಲೆಕ್ಕಿಗರು ಅನ್ನುವ ಹೆಸರು ಹೋಗಿ ಗ್ರಾಮ ಆಡಳಿತ ಅಧಿಕಾರಿ ಅಂತ ಬಂದಿದೆ, ಸಂತೋಷ. ಆದರೆ ಈ ಕಲಂ ಹೆಸರಿನ ಫಲಕ ನೋಡುವುದಿಲ್ಲ, ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆ ಅಂತ ನೋಡುತ್ತದೆ.

ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರ್‌ಗೂ ಈ ಕವಚ ಇಲ್ಲ ಅಂತ 1987ರಲ್ಲೇ ತೀರ್ಮಾನವಾಗಿದೆ. ಪೊಲೀಸರ ವಿಷಯ ನಮ್ಮ ರಾಜ್ಯದಲ್ಲಿ ಬೇರೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅವರಿಗೆ ಪ್ರತ್ಯೇಕ ರಕ್ಷಣೆ ಕೊಟ್ಟಿದೆ. ಭ್ರಷ್ಟಾಚಾರ ಕೇಸುಗಳ ಅನುಮತಿಯೂ ಬೇರೆ. ಅಲ್ಲಿ 19ನೇ ಕಲಂ ಎಲ್ಲ ಹಂತದವರಿಗೂ ಇದೆ, ನಿಮ್ಮನ್ನು ತೆಗೆಯುವ ಅಧಿಕಾರ ಇರುವವರೇ ಅನುಮತಿ ಕೊಡಬೇಕು. ಈ ಎರಡನ್ನೂ ಬೆರೆಸಿಕೊಳ್ಳಬೇಡಿ.

ಸಂಜೆ ಬಸ್ಸಿನ ಕಂಡಕ್ಟರ್ ಕಡೆ ಬರೋಣ. ಸಾರಿಗೆ ನಿಗಮದವರಿಗೆ 311 ಇಲ್ಲ. ನಿಗಮ ಕಾನೂನಿನ ಪ್ರಕಾರ ಬೇರೆಯೇ ವ್ಯಕ್ತಿ, ಸರ್ಕಾರದ ಇಲಾಖೆ ಅಲ್ಲ. ಹಾಗಂತ ಅವರು ಗಾಳಿಯಲ್ಲಿ ನಿಂತಿಲ್ಲ. ನನ್ನ ಅನುಭವದಲ್ಲಿ ಒಂದು ವಿಷಯದಲ್ಲಿ ಅವರು ಅಧಿಕಾರಿಗಳಿಗಿಂತ ಗಟ್ಟಿ ನೆಲದ ಮೇಲಿದ್ದಾರೆ. ಸರ್ಕಾರಿ ಅಧಿಕಾರಿ ಕೆಎಟಿಗೆ ಹೋದರೆ, ವಿಚಾರಣೆ ಸರಿಯಾಗಿ ನಡೆಯಿತೇ, ನಿಯಮ ಪಾಲಿಸಿದರೇ ಅಂತ ನೋಡುತ್ತಾರೆ. ಶಿಕ್ಷೆ ಜಾಸ್ತಿ ಆಯಿತು ಅಂದರೆ, ಅದು ಮನಸ್ಸಾಕ್ಷಿಯನ್ನೇ ಅಲುಗಿಸುವಷ್ಟು ಅತಿಯಾಗಿದ್ದರೆ ಮಾತ್ರ ಕೈ ಹಾಕುತ್ತಾರೆ. ಕಾರ್ಮಿಕ ಕಾನೂನಿನಲ್ಲಿ ಹಾಗಲ್ಲ. ಕೈಗಾರಿಕಾ ವಿವಾದ ಕಾಯ್ದೆಗೆ 1971ರಲ್ಲಿ 11ಎ ಅನ್ನುವ ಕಲಂ ಸೇರಿತು. ಕೆಲಸದಿಂದ ತೆಗೆದದ್ದು ಸರಿಯಲ್ಲ ಅನ್ನಿಸಿದರೆ ನ್ಯಾಯಾಲಯ ಸಾಕ್ಷ್ಯವನ್ನು ಮತ್ತೆ ತೂಗಿ ನೋಡಬಹುದು, ವಜಾ ಬದಲು ಚಿಕ್ಕ ಶಿಕ್ಷೆ ಕೊಡಬಹುದು. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಅಧಿಕಾರ ಉಳಿದಿದೆ, ಅಲ್ಲಿ ಅದು ಕೈಗಾರಿಕಾ ನ್ಯಾಯಮಂಡಳಿಯ ಕೈಯಲ್ಲಿದೆ. ಕಂಡಕ್ಟರ್ ಟಿಕೆಟ್ ಹಣದ ಕೇಸುಗಳಲ್ಲಿ ಮೊತ್ತ ಚಿಕ್ಕದಾದರೂ ನಂಬಿಕೆ ಮುಖ್ಯ ಅಂತ ಸುಪ್ರೀಂ ಕೋರ್ಟ್ ಹಲವು ಸಲ ಬಿಗಿಯಾಗಿ ಹೇಳಿದೆ, ನಿಜ. ಆದರೂ ಈ ಬಾಗಿಲು ದೊಡ್ಡದು. 'ನಾನೂ ಸರ್ಕಾರಿ ನೌಕರ' ಅಂತ ಹಟ ಹಿಡಿದು ತಪ್ಪು ಕಡೆ ಹೋಗಿ ಇದನ್ನು ಕಳೆದುಕೊಂಡವರನ್ನು ಕಂಡಿದ್ದೇನೆ.

ಕೋಲಾರದ ಚಿನ್ನದ ಗಣಿಯ ಒಂದು ಪ್ರಕರಣ ಹೇಳದೆ ಇರಲಾರೆ. ಭಾರತ್ ಗೋಲ್ಡ್ ಮೈನ್ಸ್ ಸರ್ಕಾರಿ ಕಂಪನಿ. ಅಲ್ಲಿ ಒಬ್ಬರು ಭದ್ರತಾ ಅಧಿಕಾರಿ ಇದ್ದರು. 1985ರಲ್ಲಿ ಪೊಲೀಸರು ಅವರ ಮನೆ ಶೋಧಿಸಿ ಚಿನ್ನದ ಉಂಡೆ, ಚಿನ್ನ ಇರುವ ಮರಳು ಸಿಕ್ಕಿತು ಅಂದರು. ಕ್ರಿಮಿನಲ್ ಕೇಸೂ ಆಯಿತು, ಇಲಾಖಾ ವಿಚಾರಣೆಯೂ ಶುರುವಾಯಿತು. ಅಮಾನತಿನಲ್ಲಿದ್ದಾಗ ಜೀವನಾಂಶ ಭತ್ಯೆ ಕೊಡಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಅವರು ಕೇರಳದ ಊರಿಗೆ ಹೋದರು. ಅಲ್ಲಿಂದ ವಿಚಾರಣೆಗೆ ಬರಲಾಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಮರುವರ್ಷ ಕ್ರಿಮಿನಲ್ ಕೋರ್ಟು, ಶೋಧ ನಡೆದದ್ದೇ ಸಾಬೀತಾಗಿಲ್ಲ ಅಂತ ಅವರನ್ನು ಬಿಡುಗಡೆ ಮಾಡಿತು. ಆದರೂ ಕಂಪನಿ ವಾಪಸ್ ತೆಗೆದುಕೊಳ್ಳಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟು ಮರಳಿ ಕೆಲಸಕ್ಕೆ ಸೇರಿಸುವಂತೆ ಆದೇಶ ಮಾಡಿತು.

ಅವರ ಹುದ್ದೆಯ ಹೆಸರಲ್ಲೇ ಅಧಿಕಾರಿ ಅಂತ ಇತ್ತು, ಆದರೆ 311 ಅವರಿಗಿರಲಿಲ್ಲ. ಕಾಪಾಡಿದ್ದು ಬದುಕಿನ ಹಕ್ಕು. ಸರ್ಕಾರದ ಹಿಡಿತದಲ್ಲಿರುವ ಸಂಸ್ಥೆಯೂ ಮೂಲಭೂತ ಹಕ್ಕುಗಳಿಗೆ ತಲೆಬಾಗಲೇಬೇಕು. ಭತ್ಯೆ ಕೊಡದೆ ಹಸಿವಿಗೆ ದೂಡಿ, ಆಮೇಲೆ ವಿಚಾರಣೆಗೆ ಬರಲಿಲ್ಲ ಅನ್ನುವುದು ನ್ಯಾಯ ಅಲ್ಲ ಅಂತ ಕೋರ್ಟು ಹೇಳಿತು. 311 ಇಲ್ಲದವರೂ ಹಿಡಿದುಕೊಳ್ಳಬಹುದಾದ ಹಗ್ಗ ಇದು. ಅಮಾನತಿನಲ್ಲಿರುವವರು ಬಂದಾಗ ನಾನು ಮೊದಲು ಕೇಳುವುದೇ, ಭತ್ಯೆ ಬರ್ತಾ ಇದೆಯಾ ಅಂತ.

ಪಂಚಾಯ್ತಿಯವರು ಬೇಸರ ಮಾಡಿಕೊಂಡು ಕೂತಿದ್ದೀರಿ, ನಿಮ್ಮ ಮಾತು ಇನ್ನೂ ಬರಲಿಲ್ಲ ಅಂತ. ಗುಜರಾತಿನ ಪಂಚಾಯ್ತಿ ನೌಕರರು ಸರ್ಕಾರಿ ನೌಕರರೇ ಅಂತ 1983ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅದನ್ನು ಹಿಡಿದು ನಮಗೂ ಆಗಬೇಕು ಅಂತ ಹಲವರು ಬರುತ್ತಾರೆ. ಆದರೆ ಅಲ್ಲಿನ ಕಾನೂನು ಪಂಚಾಯ್ತಿ ಸೇವೆಯನ್ನು ರಾಜ್ಯದ್ದೇ ಒಂದು ಸೇವೆಯ ಹಾಗೆ ಕಟ್ಟಿತ್ತು. ನಮ್ಮ 1993ರ ಕಾಯ್ದೆಯಲ್ಲಿ ನೀರುಗಂಟಿ, ಕರ ವಸೂಲಿಗಾರರನ್ನು ನೇಮಿಸುವುದು ಗ್ರಾಮ ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ಸಿಇಒ, ಅನುಮೋದನೆಯೊಂದಿಗೆ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಸರ್ಕಾರದ ನೌಕರರು; ನೀವು ಪಂಚಾಯ್ತಿಯ ನೌಕರರು. ಅದಕ್ಕೇ ನಿಮಗೆ ಆ ಸಿಇಒ ಅನುಮೋದನೆಯ ಕಾಗದ ಚಿನ್ನ ಇದ್ದ ಹಾಗೆ. ಅದಿಲ್ಲದೆ ಬರೀ ಪಂಚಾಯ್ತಿ ನಡಾವಳಿ ಹಿಡಿದು ಬರುವವರ ಕೇಸು ನಡೆಸುವುದು ಬಹಳ ಕಷ್ಟ.

ಗಾಳಿ ಸ್ವಲ್ಪ ತಿರುಗುತ್ತಿದೆ ಅಂತಲೂ ಹೇಳಬೇಕು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿದ ಮಹಿಳೆಯರ ಪ್ರಕರಣ ಬಂತು. ಖಾಯಂ ಸ್ವರೂಪದ ಕೆಲಸವನ್ನು ದಶಕಗಳ ಕಾಲ ಮಾಡಿಸಿಕೊಂಡು, ಆಮೇಲೆ ಉಮಾದೇವಿ ತೀರ್ಪನ್ನು ಅವರ ಮೇಲೇ ಆಯುಧದಂತೆ ಬಳಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿ, ಅವರನ್ನು ಖಾಯಂ ಮಾಡಿಸಿತು. ನೇಮಕದಲ್ಲಿ ಚಿಕ್ಕ ಕ್ರಮಲೋಪ ಇರುವುದು ಬೇರೆ, ನೇಮಕವೇ ಅಕ್ರಮ ಆಗಿರುವುದು ಬೇರೆ ಅಂತ ಒತ್ತಿ ಹೇಳಿತು. ಹೊರಗುತ್ತಿಗೆಯವರಿಗೆ ಇದು ನೇರವಾಗಿ ಸಿಗುವುದು ಸುಲಭ ಅಲ್ಲ, ನಡುವೆ ಏಜೆನ್ಸಿ ಕೂತಿರುತ್ತದೆ.

ಅಂಗನವಾಡಿಯವರಿಗೆ 2022ರ ಏಪ್ರಿಲ್ 25 ದೊಡ್ಡ ದಿನ. ಗುಜರಾತಿನ ಕಾರ್ಯಕರ್ತೆಯರ, ಸಹಾಯಕಿಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯ ಅಂತ ಹೇಳಿತು. ಗ್ರಾಚ್ಯುಟಿ ಅಂದರೆ ಸೇವೆ ಮುಗಿದಾಗ ಸಿಗುವ ಇಡಿಗಂಟು. ಕೈಗೆ ಬರುವುದನ್ನು ಗೌರವಧನ ಅಂತ ಕರೆದರೂ ಅದು ದುಡಿಮೆಗೆ ಸಿಗುವ ಕೂಲಿಯೇ ಅಂತ ಹೇಳಿತು. ಅಮೀರ್‌ಬಿ ತೀರ್ಪು ಹಾಗೇ ಇದೆ, ಸಿವಿಲ್ ಹುದ್ದೆ ಸಿಕ್ಕಿಲ್ಲ. ಆದರೆ ಆ ಒಂದು ಪದದ ತೂಕ ಅವತ್ತು ಇಳಿಯಿತು. ಗುಜರಾತಿನ ಕೇಸು ನಮಗೆ ಹೇಗೆ ಅಂತ ಕೆಲವು ಕಚೇರಿಗಳಲ್ಲಿ ಕೇಳುತ್ತಾರಂತೆ. ಸಂವಿಧಾನದ 141ನೇ ವಿಧಿ ತೋರಿಸಿ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ಇಡೀ ದೇಶಕ್ಕೆ ಅನ್ವಯ.

ಮಾತು ಮುಗಿದ ಮೇಲೆ ಕಂದಾಯ ಇಲಾಖೆಯ ಒಬ್ಬ ಹುಡುಗ ಎದ್ದು, "ಮೇಡಂ, ಗೆಜೆಟೆಡ್ ಆದ್ರೆ ರಕ್ಷಣೆ ಜಾಸ್ತಿ ಅಲ್ವಾ?" ಅಂತ ಕೇಳಿದರು. ಗ್ರೂಪ್ ಎ, ಬಿ ಹುದ್ದೆಗಳ ನೇಮಕ ರಾಜ್ಯಪತ್ರದಲ್ಲಿ ಬರುತ್ತದೆ, ಅದಕ್ಕೆ ಗೆಜೆಟೆಡ್ ಅನ್ನುತ್ತಾರೆ. 311ರ ಮುಂದೆ ಅದಕ್ಕೆ ಬೆಲೆ ಇಲ್ಲ. ಆ ಪೂರ್ವಾನುಮತಿಯ ಕಲಮಿನಲ್ಲೂ ಗೆಜೆಟೆಡ್ ಅನ್ನುವ ಪದ ಇಲ್ಲ. ನಿಮ್ಮನ್ನು ತೆಗೆಯುವವರು ಯಾರು ಅನ್ನುವುದೇ ಮುಖ್ಯ ಅಂದೆ.

ಹಿಂದಿನ ಸಾಲಿನಲ್ಲಿ ಒಬ್ಬರು ಅಂಗನವಾಡಿ ಟೀಚರ್ ಎಲ್ಲರೂ ಹೋಗುವವರೆಗೂ ಕಾದಿದ್ದರು. ಅವರಿಗೆ ಬರುವ ವರ್ಷ ಅರವತ್ತು ತುಂಬುತ್ತದೆ, ಆ ಹೊತ್ತಿಗೆ 29 ವರ್ಷದ ಸೇವೆ. ನನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇಬ್ಬರೂ ಅವರ ಗ್ರಾಚ್ಯುಟಿ ಲೆಕ್ಕ ಹಾಕಿದೆವು. ಕೊನೆಯ ತಿಂಗಳ ಗೌರವಧನ 12,000 ರೂಪಾಯಿ ಅಂತ ಇಟ್ಟುಕೊಂಡೆವು. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 29ರಿಂದ ಗುಣಿಸಿದರೆ 2,00,769. ಅವರು ಆ ಅಂಕಿಯನ್ನು ಬೆರಳಿಟ್ಟು ಎರಡು ಸಲ ಓದಿದರು.

"ಆದ್ರೆ ಮೇಡಂ, ನನ್ನ ಹತ್ರ ನೇಮಕದ ಆರ್ಡರ್ ಇಲ್ಲ. ಮಳೆಗೆ ಹಳೇ ಮನೆ ಬಿದ್ದಾಗ ಹೋಯ್ತು."

"ಹಾಜರಿ ರಿಜಿಸ್ಟರ್ ಇದೆಯಾ ಅಮ್ಮಾ?"

"ಅದೆಲ್ಲಾ ಇದೆ. ಮೊದಲನೇ ವರ್ಷದಿಂದ ಎಲ್ಲಾ ನನ್ನ ಕೈಬರಹದಲ್ಲೇ ಇದೆ. ಸೂಪರ್‌ವೈಸರ್ ಸಹಿನೂ ಇದೆ."

ಅವೆಲ್ಲವನ್ನೂ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ, ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ ಅಂದೆ. ನೇಮಕದ ಆದೇಶದ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಹಾಕಬೇಕಾದ ಅರ್ಜಿಯನ್ನು ಅಲ್ಲೇ ಕೂತು ಬರೆದೆವು. ಸೋಮವಾರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಅವರೇ ಹೋಗಿ ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬರುವುದು ಅಂತ ಮಾತಾಯಿತು.